ಎರಡನೆಯ ಸಿಗಾರು

ಅವನು ಎರಡನೆಯ ಸಿಗಾರನ್ನು ಕೈಗೆತ್ತಿಕೊಂಡಾಗ ಮಾಲೀಕರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಪರೀಕ್ಷೆಯ ಕೋಣೆಗೆ ಬಂದು ಕೂತಿದ್ದು ಇದೇ ಮೊದಲು.

ಯಾರೋ ಚಾಡಿ ಹೇಳಿದ್ದಾರೆ ಎಂದು ಪರೀಕ್ಷಕನಿಗೆ ಅನ್ನಿಸಿತು.

ಮೂರು ತಿಂಗಳ ಹಿಂದೆ ಬಂದ ಜ್ವರ ವಾರದಲ್ಲಿ ಬಿಟ್ಟುಹೋಗಿತ್ತು. ಹೋಗುವಾಗ ಮೂಗು, ನಾಲಿಗೆ ಎರಡನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಈಗ ಅವನ ಪಾಲಿಗೆ ಹೊಗೆ ಅಂದರೆ ಬರೀ ಬಿಸಿ ಗಾಳಿ. ಕಾರ್ಖಾನೆಯ ಅತಿ ದುಬಾರಿ ಸಿಗಾರುಗಳಿಗೆ ಅಂಕ ಕೊಡುವವನಿಗೆ ವಾಸನೆಯೇ ತಿಳಿಯುವುದಿಲ್ಲ ಎಂಬ ಗುಟ್ಟು ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವನ ಹೆಂಡತಿಗೆ.

ಅವಳು ಅದೇ ಕಾರ್ಖಾನೆಯಲ್ಲಿ ಸಿಗಾರು ಸುತ್ತುವವಳು. ಉಪಾಯವೂ ಅವಳದೇ. ಮರುದಿನ ಪರೀಕ್ಷೆಗೆ ಬರಬೇಕಾದ ಒಂದೊಂದು ಸಿಗಾರಿಗೂ ಅಂಥದೇ ಇನ್ನೊಂದನ್ನು ಹಿಂದಿನ ಸಂಜೆಯೇ ಮನೆಗೆ ತರುತ್ತಿದ್ದಳು. ಅಡುಗೆಮನೆಯ ಕಿಟಕಿಯ ಬಳಿ ನಿಂತು ಸೇದಿ, ನಾಲಿಗೆಗೆ ಸಿಕ್ಕಿದ್ದನ್ನು ತನಗೆ ತಿಳಿದ ಹಾಗೆ ಹೇಳುತ್ತಿದ್ದಳು. ಅದಕ್ಕೆ ಕಸುಬಿನಲ್ಲಿ ಏನನ್ನುತ್ತಾರೆ ಎಂದು ಅವನು ಹೇಳಿಕೊಡುತ್ತಿದ್ದ. ಮೊದಮೊದಲು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡಳು. ತಿಂಗಳು ಕಳೆಯುವುದರೊಳಗೆ ಮೆಣಸಿನ ಖಾರ ಎಲ್ಲಿ ಮುಗಿಯಿತು, ಕಾಫಿಯ ಕಹಿ ಎಲ್ಲಿ ಶುರುವಾಯಿತು ಎಂದು ಕೂದಲು ಸೀಳಿದ ಹಾಗೆ ಹೇಳತೊಡಗಿದಳು. ಡಾಕ್ಟರಿಗೆ ತೋರಿಸುತ್ತೇನೆ ಎಂದು ಅವನು ಹೊರಟಾಗ ಅವಳೇ ತಡೆದಳು. ನಾಲ್ಕು ಜನಕ್ಕೆ ಗೊತ್ತಾದರೆ ಕೆಲಸ ಹೋಗುತ್ತದೆ, ಸುಮ್ಮನಿರಿ ಎಂದಳು. ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂದು ಅವನು ಆಗಾಗ ಅಂದುಕೊಳ್ಳುತ್ತಿದ್ದ. ಬಾಯಿ ಬಿಟ್ಟು ಮಾತ್ರ ಹೇಳಿರಲಿಲ್ಲ.

ಹೊಗಳುವುದು ಅವನ ಜಾಯಮಾನವಲ್ಲ. ಸುತ್ತು ಸಡಿಲವಿದ್ದರೆ ಎಲ್ಲರೆದುರಿಗೆ ಸಿಗಾರಿನ ಹೊಟ್ಟೆ ಸೀಳಿ ಒಳಗಿನ ಎಲೆಯನ್ನು ಮೇಜಿನ ಮೇಲೆ ಸುರಿಯುತ್ತಿದ್ದ. ಹೋದ ವರ್ಷ ಹೆಂಡತಿಯ ತಂಗಿ ಸುತ್ತಿದ್ದನ್ನೂ ಬಿಡಲಿಲ್ಲ. ಇದು ಸಿಗಾರಲ್ಲ, ಕಸಬರಿಗೆ ಎಂದ. ಸುತ್ತುವ ಹಜಾರವೆಲ್ಲ ನಕ್ಕಿತು. ಆ ಹುಡುಗಿ ಅಂದೇ ಕೆಲಸ ಬಿಟ್ಟಳು. ಮತ್ತೆ ಯಾವ ಕಾರ್ಖಾನೆಯೂ ಅವಳನ್ನು ಸೇರಿಸಿಕೊಳ್ಳಲಿಲ್ಲ. ಹೆಂಡತಿ ಅಂದು ರಾತ್ರಿ ಎಂದಿನ ಹಾಗೆ ಊಟ ಬಡಿಸಿದಳು. ತನ್ನ ನ್ಯಾಯ ಅವಳಿಗೂ ಒಪ್ಪಿಗೆಯಾಯಿತು ಎಂದು ಅವನು ಎರಡು ತುತ್ತು ಹೆಚ್ಚೇ ಉಂಡ.

ಇವತ್ತು ಮೇಜಿನ ಮೇಲೆ ಹೆಸರಿನ ಕಾಗದದ ಪಟ್ಟಿ ಸುತ್ತದ ಮೂರು ಸಿಗಾರುಗಳಿದ್ದವು. ಒಂದನ್ನು ಆರಿಸಬೇಕು. ಮೊದಲನೆಯದು ಸಪ್ಪೆ, ಮೂರನೆಯದು ಗಂಟಲು ಸುಡುತ್ತದೆ, ಎರಡನೆಯದಕ್ಕೆ ಸಾಟಿಯಿಲ್ಲ ಎಂದು ಹೆಂಡತಿ ನಿನ್ನೆ ಸಂಜೆಯೇ ಹೇಳಿದ್ದಳು.

ಮೊದಲನೆಯದು ಸಪ್ಪೆ ಎಂದು ಆಗಲೇ ಬದಿಗಿಟ್ಟಿದ್ದ. ಎರಡನೆಯದನ್ನು ತಲೆಯಿಂದ ಬುಡದವರೆಗೆ ಬೆರಳುಗಳ ನಡುವೆ ಒತ್ತಿ ನೋಡಿದ. ಎಲ್ಲೂ ಗಂಟಿಲ್ಲ, ಪೊಳ್ಳಿಲ್ಲ. ಹೊರಗಿನ ಎಲೆ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ನರಗಳು ಕಂಡೂ ಕಾಣದಷ್ಟು ಸಣ್ಣ. ತುದಿ ಕತ್ತರಿಸಿ, ಹಚ್ಚದೆಯೇ ಒಮ್ಮೆ ಎಳೆದ. ಗಾಳಿ ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಕಡ್ಡಿ ಗೀರಿ ಹಚ್ಚಿದ. ಬೆಂಕಿ ಸುತ್ತಲೂ ಸಮನಾಗಿ ಇಳಿಯಿತು. ಬೂದಿ ಬೆಳ್ಳಗೆ, ಗಟ್ಟಿಯಾಗಿ, ಅಂಗುಲ ಬೆಳೆದರೂ ಉದುರಲಿಲ್ಲ.

ಸುತ್ತಿದ ರೀತಿಗೆ ಹತ್ತಕ್ಕೆ ಹತ್ತು ಎಂದ. ಅದು ಅವನ ಸ್ವಂತ ತೀರ್ಮಾನ. ಆಮೇಲೆ ಕಣ್ಣು ಮುಚ್ಚಿ, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ. ಮೊದಲು ದೇವದಾರು, ನಡುವೆ ಹದವಾಗಿ ಹುರಿದ ಕಾಫಿ.

ಮಾಲೀಕರು ಮೂಗಿಗೆ ಕರವಸ್ತ್ರ ಹಿಡಿದರು. ಕಾಗದ ಹಿಡಿದು ಬಾಗಿಲಿಗೆ ಬಂದ ಗುಮಾಸ್ತ ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಓಡಿದ. ಕಣ್ಣು ಮುಚ್ಚಿದ್ದ ಪರೀಕ್ಷಕ ಇದ್ಯಾವುದನ್ನೂ ಕಾಣಲಿಲ್ಲ.

“ಇನ್ನೊಂದು ದಮ್ಮು ಎಳೀರಿ,” ಎಂದರು ಮಾಲೀಕರು.

ಎಳೆದ. “ಕೊನೇಲಿ ಜೇನು,” ಎಂದ.

ಮಾಲೀಕರು ಎದ್ದು ಕಿಟಕಿ ತೆರೆದರು. ಸಿಗಾರನ್ನು ಅವನ ಕೈಯಿಂದ ತೆಗೆದುಕೊಂಡು, ಅವನದೇ ಚಾಕುವಿನಿಂದ ಸೀಳಿದರು. ಒಳಗೆ ಬೂಷ್ಟು ಹಿಡಿದ ಎಲೆ, ಗೋಣಿಯ ನಾರು, ನೆಲ ಗುಡಿಸಿದ ಕಸ, ಒಂದು ಹಿಡಿ ಕೂದಲು.

ಅವನಿಗೆ ಮೊದಲು ಹೊಳೆದದ್ದು ಹೆಂಡತಿಯ ಮುಖ. ಪಾಪ, ಅವಳು ತಂದ ಸಿಗಾರುಗಳು ಅದಲುಬದಲಾಗಿರಬೇಕು. ತನ್ನ ಕಥೆ ಮುಗಿಯಿತು, ಅವಳ ಕೆಲಸವಾದರೂ ಉಳಿಯಲಿ. ತನ್ನ ಮೂಗು ಹೋಗಿ ಮೂರು ತಿಂಗಳಾಯಿತು, ತಪ್ಪೆಲ್ಲ ತನ್ನೊಬ್ಬನದೇ ಎಂದು ಒಪ್ಪಿಕೊಂಡ.

“ಆದ್ರೆ ಮೂರು ತಿಂಗಳಲ್ಲಿ ನೀವು ಕೊಟ್ಟ ಒಂದು ಅಂಕವೂ ತಪ್ಪಿಲ್ಲ. ಯಾರು ಹೇಳಿಕೊಡ್ತಿದ್ರು?”

“ಯಾರೂ ಇಲ್ಲ. ಅಂದಾಜು, ಅಷ್ಟೆ,” ಎಂದ. ಮದುವೆಯಾದಾಗಿನಿಂದ ಹೆಂಡತಿಗಾಗಿ ಅವನು ಮಾಡಿದ ಮೊದಲ ಉಪಕಾರ ಅದು.

ನಾಳೆಯಿಂದ ಬರಬೇಕಾಗಿಲ್ಲ ಎಂದು ಮಾಲೀಕರು ಮೆಲ್ಲಗೆ ಹೇಳಿದರು. ಹೊಸ ಪರೀಕ್ಷಕರು ಸಿಕ್ಕಿದ್ದಾರೆ. ಈ ಎರಡನೆಯ ಸಿಗಾರನ್ನು ಸುತ್ತಿದವರೂ ಅವರೇ ಎಂದು ಸೇರಿಸಿ, ಬಾಗಿಲ ಕಡೆ ತಿರುಗಿ ಕರೆದರು.

ಹೆಂಡತಿ ಒಳಗೆ ಬಂದು, ಅವನು ಎದ್ದ ಕುರ್ಚಿಯಲ್ಲಿ ಕೂತು, ಮೂರನೆಯ ಸಿಗಾರನ್ನು ಮೂಗಿನ ಬಳಿ ಹಿಡಿದಳು.

“ನಿಮ್ಮ ಮೂಗು ಹೋದ ಮೊದಲನೇ ವಾರದಲ್ಲೇ ಮಾಲೀಕರಿಗೆ ಹೇಳಿಬಿಟ್ಟಿದ್ದೆ ರೀ,” ಎಂದಳು. “ನಿಮ್ಮ ಕಸುಬಿನ ಮಾತುಗಳನ್ನ ಕಲಿಯೋಕೆ ಮೂರು ತಿಂಗಳು ಹಿಡೀತು.”