ಮೂರನೇ ಮಾಸ್ಕು

“ಕಲಿಯೋರಿಗೆ ಈ ಹಗುರದ್ದೇ ಸಾಕು ಮೇಡಂ,” ಎಂದ, ಆಟಕ್ಕೆ ಬಣ್ಣದ ಗುಂಡು ಹಾರಿಸುವ ಪೇಂಟ್‌ಬಾಲ್ ಗನ್ನಿನ ಅಂಗಡಿಯವನು. “ಅದು ಭಾರ, ಆದ್ರೆ ಗುರಿ ತಪ್ಪಲ್ಲ. ಎರಡರಲ್ಲೂ ಒಂದೊಂದು ಏಟಿಗೂ ಪಂಪ್ ಎಳೀಬೇಕು. ಮಾಸ್ಕ್ ಮಾತ್ರ ಮರೀಬೇಡಿ, ಕಣ್ಣೇ ಹೋಗ್ಬಿಡುತ್ತೆ.”

ತಂಗಿ ಹುರುಪಿನಿಂದ ಮೂರು ಮಾಸ್ಕು ಆರಿಸಿ ಮೇಜಿನ ಮೇಲಿಟ್ಟಳು. “ಅಕ್ಕಾ, ನಿಂಗೊಂದು, ನಂಗೊಂದು, ಭಾವಂಗೊಂದು!”

ಅಕ್ಕ ಕಪ್ಪು ಕನ್ನಡಕ ತೆಗೆದಿಟ್ಟು, ಭಾರದ್ದನ್ನೇ ಎತ್ತಿಕೊಂಡು, ಕರಕ್ಕನೆ ಪಂಪ್ ಎಳೆದು ಗೋಡೆಗೆ ಗುರಿ ಹಿಡಿದಳು. ಒಂದು ಕಣ್ಣು ಮುಚ್ಚುವ ತಾಪತ್ರಯ ಅವಳಿಗಿರಲಿಲ್ಲ. ನಿನ್ನೆಯ ಏಟಿಗೆ ಊದಿಕೊಂಡು ಎಡಗಣ್ಣು ತಾನಾಗಿಯೇ ಮುಚ್ಚಿತ್ತು. ತಂಗಿಯ ನಗು ಅಲ್ಲೇ ನಿಂತಿತು.

“ಇದನ್ನೇ ಕೊಡಿ,” ಎನ್ನುತ್ತಾ ಅಕ್ಕ ಮೂರನೇ ಮಾಸ್ಕನ್ನು ಮೆಲ್ಲಗೆ ಅಂಗಡಿಯವನತ್ತ ಸರಿಸಿದಳು. “ನಿಮ್ಮ ಭಾವಂಗೆ ಬೇಡ ಕಣೇ. ನಂಗೆ ಅವರ ಕಣ್ಣು ಕಾಣ್ಬೇಕು.”