ಬೆರಳಿನ ಭಾರ

ಪ್ರತಿಮೆಯ ಮೇಲಿನ ಪರದೆ ಜಾರಿ ಬೀಳುತ್ತಿದ್ದಂತೆ ಅರ್ಲೀನ್ ಗಂಡ ವೆಂಡೆಲ್‌ನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಸ್ಟೇಡಿಯಂ ಬಾಗಿಲಲ್ಲಿ ನೆರೆದ ಜನ ಹೋ ಎಂದು ಕೂಗಿದರು. ಹದಿಮೂರು ವರ್ಷ ಈ ಅಮೆರಿಕನ್ ಫುಟ್‌ಬಾಲ್ ತಂಡದ ಮುಂದಿನ ಸಾಲಿನಲ್ಲಿ ಗೋಡೆಯಂತೆ ನಿಂತಿದ್ದ ವೆಂಡೆಲ್ ಈಗ ಕಂಚಿನಲ್ಲಿ ಬಾಗಿ, ಬಲಗೈಯ ಬೆರಳುಗಳನ್ನು ನೆಲಕ್ಕೂರಿ, ಚೆಂಡು ಕದಲುವುದನ್ನೇ ಕಾಯುತ್ತಿದ್ದ. ನಿಜವಾದ ವೆಂಡೆಲ್ ಮಾತ್ರ ಬೆಳಗ್ಗೆಯಿಂದ ಮೂರು ಸಲ ಕೇಳಿದ್ದ, "ಇವತ್ತು ಯಾರ ಮದುವೆ?" ಅವನ ಈ ಮರೆವು ಮನೆಯ ಹೊಸ್ತಿಲು ದಾಟದಂತೆ ಅವಳು ಕಾಪಾಡಿಕೊಂಡು ಬಂದಿದ್ದಳು.

"ಏನಯ್ಯಾ, ಕನ್ನಡಿ ನೋಡ್ಕೊಂಡ ಹಾಗಿದೆಯಾ?" ಎನ್ನುತ್ತಾ ತಂಡದ ಹಳೆಯ ನಾಯಕ ರಸ್ಟಿ ಅವನ ಮುಂದೆ ಮೈಕು ಹಿಡಿದ.

ಮೈಕಿನಲ್ಲಿ ಓದಲೆಂದು ಅರ್ಲೀನ್ ಬರೆದುಕೊಟ್ಟಿದ್ದ ಚೀಟಿ ಗಂಡನ ಜೇಬಿನಲ್ಲೇ ಉಳಿಯಿತು. ವೆಂಡೆಲ್ ಪ್ರತಿಮೆಯನ್ನು ದಿಟ್ಟಿಸಿ, "ಯಾರಪ್ಪಾ ಈ ಹುಡುಗ?" ಎಂದ. "ಬೆರಳ ಮೇಲೆ ಇಷ್ಟೊಂದು ಭಾರ ಹಾಕಿದಾನೆ! ಮುಂದಕ್ಕೆ ನುಗ್ತಾನೆ ಅಂತ ಎದುರಿನವನಿಗೆ ಮೊದ್ಲೇ ಗೊತ್ತಾಗ್ಬಿಡತ್ತೆ. ಕೈ ಹಗುರ ಇರ್ಬೇಕು. ಏನೂ ತೋರಿಸ್ಕೋಬಾರ್ದು."

ಜನ ಅದನ್ನು ತಮಾಷೆ ಎಂದುಕೊಂಡು ಬಿದ್ದು ಬಿದ್ದು ನಕ್ಕರು. ರಸ್ಟಿ ನಗಲಿಲ್ಲ, ಅವನ ನೋಟ ಅರ್ಲೀನಳತ್ತ ತಿರುಗಿತು. ಅವಳು ಹೇಗೋ ಮುಗುಳ್ನಕ್ಕಳು. ವೆಂಡೆಲ್ ತನ್ನ ತೋಳಿನ ಮೇಲಿದ್ದ ಅವಳ ಕೈಯನ್ನು ನೋಡಿದ. ಗೆಣ್ಣುಗಳು ಬಿಳಿಚಿಕೊಂಡಿದ್ದವು. ಎರಡು ತಿಂಗಳಿಂದ ಅವಳನ್ನು ಹೆಸರು ಹಿಡಿದು ಕರೆಯದವನು ಬಗ್ಗಿ ಅವಳ ಕಿವಿಯಲ್ಲಿ ಹೇಳಿದ:

"ಬೆರಳು ಸಡಿಲ ಬಿಡು, ಅರ್ಲೀನ್. ಎದುರಿನವರಿಗೆ ಗೊತ್ತಾಗ್ಬಿಡತ್ತೆ."