ಕೆಲಸ ಬಿಟ್ಟ ಕಾರಣ

“ಇದನ್ನ ಒತ್ತಿದ್ದು ನೀವ ಅಲ್ಲೇನ್ರಿ?” ದಾನೇಶ್ವರಿ ಕಂಪ್ಯೂಟರ್ ತೆರೆಗೆ ಬೆರಳು ಕುಟ್ಟಿದಳು.

ಗುರುಪುತ್ರಪ್ಪ. ಕೆಲಸ ಬಿಟ್ಟ ಕಾರಣ: ಕಳ್ಳತನ. ನಮೂದಿಸಿದವರು: ಸಾತಪ್ಪ.

ಖಾನಾಪುರದ ಹಂಚಿನ ಕಾರ್ಖಾನೆಯ ಗುಮಾಸ್ತ ಸಾತಪ್ಪ ಕನ್ನಡಕ ಏರಿಸಿದ. “ನಾ ಕಾಯಿಲೆ ಅಂತ ಒತ್ತೇನಿ, ತಂಗಿ. ನಿಮ್ಮಪ್ಪನ ಮೊಣಕಾಲ ಹೋಗಿದ್ದು ನನಗ ಗೊತ್ತಿಲ್ಲೇನು? ಹನ್ನೆರಡ ವರ್ಷ ಒಂದ ಡಬ್ಬಿ ಬಿಚ್ಚಿ ಉಂಡೇವಿ.”

“ಉಂಡ ಡಬ್ಬಿಗೇ ಉಗುಳಿದ್ರಿ, ಖರೇ.”

ಆರು ತಿಂಗಳಿಂದ ಅವಳು ಈ ದಿನಕ್ಕೆ ಕಾದಿದ್ದಳು. ಓದಲು ಬಾರದ ಅಪ್ಪ, ಕೆಲಸ ಬಿಟ್ಟ ತಿಂಗಳ ಬಳಿಕ ಕೈಗೆ ಬಂದ, ಆ ಪದ ಅಚ್ಚಾಗಿದ್ದ ಪ್ರಮಾಣಪತ್ರ ಹಿಡಿದು ದಂಡಿನ ಕ್ಯಾಂಪ್ ಪ್ರದೇಶದ ಬಂಗಲೆಯೊಂದಕ್ಕೆ ಕಾವಲು ಕೆಲಸ ಕೇಳಲು ಹೋಗಿದ್ದ. ಗೇಟಿನಿಂದಲೇ ಅಟ್ಟಿದರು. ಅಂದಿನಿಂದ ಅವನು ಓಣಿಗೆ ಇಳಿದಿಲ್ಲ.

“ಕಂಪ್ಯೂಟರ್ ತಪ್ಪಿರಬಹುದೇನವಾ?” ಮಾಲೀಕ ಪಾಯಪ್ಪ ಕೇಳಿದರು.

“ಅಲ್ಲಿ ಬರ್ಯಾಕ ಜಾಗಾನ ಇಲ್ರಿ, ಸಾವಕಾರ್ರ. ಪಟ್ಟಿ ಇಳೀತೈತಿ, ಒಂದು ಕಾರಣ ಒತ್ತಬೇಕು, ಅಷ್ಟ. ತಾನಾಗಿ ಸುಳ್ಳು ಹೇಳೂದಿಲ್ಲ ಅದು.”

ರಾಮತೀರ್ಥ ನಗರದ ಅವಳ ಕಚೇರಿಯೇ ಆ ತಂತ್ರಾಂಶ ಮಾಡಿಕೊಟ್ಟಿತ್ತು. ಹತ್ತಾರು ಗಿರಾಕಿಗಳಿಗೆ ಇಂಥ ಪಟ್ಟಿ ಕೂಡಿಸುವುದು ಅವಳ ಕೆಲಸ. ಪಾಯಪ್ಪ ನಂಬಿದರು.

“ಕೀಲಿ ಇಟ್ಟು ಹೋಗೋ, ಸಾತಪ್ಪಾ.”

ಸಾತಪ್ಪನ ಹೆಸರಿನ ಮುಂದೆ ಅವಳೇ ಪಟ್ಟಿ ಇಳಿಸಿದಳು. ‘ನಂಬಿಕೆದ್ರೋಹ’ ಅದರಲ್ಲಿರಲಿಲ್ಲ. ‘ಕಳ್ಳತನ’ ಒತ್ತಿದಳು. ಪ್ರಮಾಣಪತ್ರ ಅಚ್ಚು ಹಾಕಿ ಕೈಗಿತ್ತಳು.

“ಇನ್ನ ನೀವೂ ಗೇಟ್ ಗೇಟ್ ತಿರಗ್ರಿ.”

ಅವನು ಓದಿಕೊಂಡ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಸೈಕಲ್ ತಳ್ಳಿಕೊಂಡು ಹೋದ. ಹತ್ತಲಿಲ್ಲ.

ಇನ್ನು ಅಪ್ಪನ ನಮೂದು ತಿದ್ದಬೇಕು. ಅವಳು ಒಳಗಿನ ಕಡತ ತೆರೆದಳು. ಅಲ್ಲಿ ಪದಗಳಿರಲಿಲ್ಲ, ಬರೀ ಅಂಕಿ. ಒತ್ತಿದ ಕಾರಣ ಪಟ್ಟಿಯಲ್ಲಿ ಎಷ್ಟನೆಯದು ಎಂಬುದಷ್ಟೇ. ಅಪ್ಪನ ಮುಂದೆ ಎರಡು. ಪಟ್ಟಿಯಲ್ಲಿ ಎರಡನೆಯದು ಕಳ್ಳತನ. ಸರಿಯೇ ಇತ್ತು.

ಕೆಳಗಿನ ಸಾಲು ಪೂನಮಳದು. ಮದುವೆಯಾಗಿ ಕೆಲಸ ಬಿಟ್ಟವಳು. ಅಂಕಿ ಐದು. ಐದನೆಯದು ಮರಣ. ನಿನ್ನೆಯಷ್ಟೇ ಖಾಸಬಾಗದ ಸಂತೆಯಲ್ಲಿ ದಾನೇಶ್ವರಿ ಅವಳನ್ನು ಮಾತಾಡಿಸಿದ್ದಳು.

ಪಟ್ಟಿಯ ಹಳೆಯ ಪ್ರತಿ ಹುಡುಕಿದಳು. ಇತರೆ, ಕಾಯಿಲೆ, ನಿವೃತ್ತಿ, ಮರಣ, ರಾಜೀನಾಮೆ. ಅಪ್ಪ ಕೆಲಸ ಬಿಟ್ಟ ದಿನ ಎರಡನೆಯದು ಕಾಯಿಲೆಯೇ. ವಾರದ ಬಳಿಕ ನಡುವೆ ಹೊಸ ಪದವೊಂದು ಬಂದು ಕೂತಿತ್ತು. ಕೆಳಗಿನವೆಲ್ಲ ಒಂದೊಂದು ಸ್ಥಾನ ಜಾರಿದ್ದವು. ಹಳೆಯ ಅಂಕಿಗಳು ಮಾತ್ರ ಇದ್ದಲ್ಲೇ ಇದ್ದವು.

ಬದಲಾವಣೆ ಮಾಡಿದವರ ಟಿಪ್ಪಣಿಯೂ ಅಲ್ಲೇ ಇತ್ತು: “‘ಕಳ್ಳತನ’ ಸೇರಿಸಿದೆ. ಚಂದ ಕಾಣಲೆಂದು ಅಕ್ಷರಕ್ರಮದಲ್ಲಿ. ಇಂತಿ, ದಾನೇಶ್ವರಿ.”